ಸೀಮೆಸುಣ್ಣ

ನಮ್ಮದು ಸುಣ್ಣದ ಸೀಮೆ. ಮಾರ್ನ್ ಹೊಳೆಯ ಈಚೆಗೆ
ಎಲ್ಲಿ ಅಗೆದರೂ ಒಂದು ಮೊಳದ ಕೆಳಗೆ ಬಿಳುಪು;
ಮೇಲೆ ಗೋಧಿ, ದ್ರಾಕ್ಷಿ, ಎರಡು ಯುದ್ಧಗಳ ಗೋರಿ.
ಜೀವಮಾನವೆಲ್ಲ ನಾನು ಬರೆದದ್ದೂ ಅದರಲ್ಲೇ:
ವಾರವಿಡೀ ಮಕ್ಕಳಿಗೆ ಮಗ್ಗಿ,
ಭಾನುವಾರ ಅಣ್ಣನಿಗೆ ಸೆಕೆಂಡು.

ಅಣ್ಣನ ಹೆಸರು ಒಕ್ತಾವ್ ಲೆರೆಬೂರ್.
ಪತ್ರಿಕೆಯವರು ಒಮ್ಮೆ ಒಂದಕ್ಷರ ನುಂಗಿ ಅಚ್ಚು ಹಾಕಿದರು,
ಅಮ್ಮ ಆ ತುಂಡಿಗೇ ಕಟ್ಟು ಹಾಕಿಸಿದಳು.

ಯುದ್ಧದ ಅಷ್ಟೂ ವರ್ಷ ಕಾರು ಹುಲ್ಲಿನ ಮೆದೆಯೊಳಗೆ ಮಲಗಿತ್ತು,
ಗಾಲಿಗಳು ಪಾದ್ರಿಯ ನೆಲಮಾಳಿಗೆಯಲ್ಲಿ,
ಮ್ಯಾಗ್ನೆಟೊ ನಮ್ಮ ಹಿಟ್ಟಿನ ಡಬ್ಬಿಯಲ್ಲಿ.
ಜರ್ಮನ್ ಸಿಪಾಯಿ ಮೆದೆಗೆ ಸನೀನು ಚುಚ್ಚಿ ನೋಡಿದ ದಿನ
ಒಕ್ತಾವ್ ಇದ್ದಿಲ ಹೊಗೆಯ ಲಾರಿಯಲ್ಲಿ ಬ್ರೆಡ್ಡು ಸಾಗಿಸುತ್ತಿದ್ದ.
ಏರು ಬಂದರೆ ಇಳಿದು ತಳ್ಳಬೇಕಾದ ಲಾರಿ.
"ತಾಳ್ಮೆ ಕಲಿತದ್ದು ಅಲ್ಲೇ" ಎನ್ನುತ್ತಿದ್ದ ಆಮೇಲೆ.
ಸುಳ್ಳು. ಅವನು ತಾಳ್ಮೆ ಕಲಿಯಲೇ ಇಲ್ಲ.

ನಲವತ್ತಾರು. ಪೆಟ್ರೋಲಿಗೆ ಕೂಪನ್ನು, ಸಕ್ಕರೆಗೆ ಕೂಪನ್ನು,
ನಮ್ಮ ಮನೆಯ ಸಕ್ಕರೆಯೆಲ್ಲ ಕಳ್ಳಸಂತೆಯಲ್ಲಿ ಟೈರಾಯಿತು.
ಶಾಲೆಯ ಚಿಕ್ಕ ಕರಿಹಲಗೆಯನ್ನು ಮೊಳೆಯಿಂದ ಕಳಚಿ
ಸೈಕಲ್ಲಿನ ಬೆನ್ನಿಗೆ ಕಟ್ಟಿಕೊಂಡು ಹೋದೆ ಪಂದ್ಯಕ್ಕೆ.
ಸೋಮವಾರ ಅದರ ಮೂಲೆಯಲ್ಲಿ ಇನ್ನೂ ಉಳಿದಿತ್ತು: +೧೧.
ಮಕ್ಕಳು ಕೇಳಿದರು, ಟೀಚರ್,
ಹನ್ನೊಂದನ್ನು ಯಾವುದಕ್ಕೆ ಕೂಡಿಸಬೇಕು?

ಗೆದ್ದದ್ದು ಒಂದೇ ಸಲ, ನಲವತ್ತೊಂಬತ್ತರ ಜುಲೈ.
ಇಟಲಿಯ ಕೆಂಪು ಕಾರುಗಳು ಹೊಟ್ಟೆಬಾಕರಂತೆ ಕುಡಿಯುತ್ತ
ಸುತ್ತಿಗೊಮ್ಮೆ ತೊಟ್ಟಿಗೆ ಬಾಯಿಟ್ಟು ನಿಲ್ಲುತ್ತಿದ್ದವು;
ನಮ್ಮ ನೀಲಿ ಮುದುಕಿ ಉಪವಾಸ ಬಲ್ಲವಳು,
ನಿಲ್ಲದೆ ಬಂದಳು, ಕೆಮ್ಮುತ್ತ.
ಒಕ್ತಾವ್ ಇಳಿದವನೇ ರೇಡಿಯೇಟರಿಗೆ ಮುತ್ತಿಟ್ಟ,
ತುಟಿ ಸುಟ್ಟುಕೊಂಡ.
ಫೋಟೋದಲ್ಲಿ ಅದು ನಗುವಂತೆ ಕಾಣುತ್ತದೆ.

ಐವತ್ತಮೂರು. ಹೇಳಬಾರದು ಅಂದುಕೊಂಡಿದ್ದೆ.
ಮಳೆ. ಮಳೆಯಲ್ಲಿ ಸುಣ್ಣ ನಿಲ್ಲದು,
ನನ್ನ ಕೋಟನ್ನು ಹಲಗೆಗೆ ಹೊದಿಸಿ ನಾನು ನೆನೆಯುತ್ತಿದ್ದೆ.
ಇಪ್ಪತ್ತನೆಯ ಸುತ್ತಿಗೆ ಅಮೆದೆ ಬರಲಿಲ್ಲ.
ಅವನ ಹೆಂಡತಿ ಕ್ಲೋತಿಲ್ದ್ ನನ್ನ ಪಕ್ಕದಲ್ಲೇ ಸ್ವೆಟರ್ ಹೆಣೆಯುತ್ತಿದ್ದಳು.
ಹಿಡಿದ ಸಾಲು ಮುಗಿಸಿದಳು,
ಕಡ್ಡಿಗಳನ್ನು ಜೋಡಿಸಿಟ್ಟು ಕೇಳಿದಳು: "ಎಷ್ಟು ಹೊತ್ತಾಯಿತು?"
ಲೆಕ್ಕದ ಟೀಚರ್ ನಾನು, ಕೈಯಲ್ಲಿ ಗಡಿಯಾರ,
ಉತ್ತರ ಹೊರಡಲಿಲ್ಲ.

ಒಕ್ತಾವ್ ಎರಡನೆಯವನಾಗಿ ಓಡುತ್ತಿದ್ದ,
ಮೂರನೆಯವನು ಬೆನ್ನಿಗೇ ಇದ್ದ, ಎರಡೇ ಸೆಕೆಂಡು.
ಹಲಗೆ ಎತ್ತಿ ಹಿಡಿದೆ: +೯.
ನಿಧಾನಿಸು ಅಂತ, ಗೆಲ್ಲದಿದ್ದರೂ ಮನೆಗೆ ಬಾ ಅಂತ
ನನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ.
ಮೆಕ್ಯಾನಿಕ್ ಬಾಜಿಲ್ ತನ್ನ ಗಡಿಯಾರ ನೋಡಿದ, ನನ್ನನ್ನು ನೋಡಿದ,
ಒರೆಸಿದ ಕೈಗಳನ್ನೇ ಮತ್ತೆ ಒರೆಸತೊಡಗಿದ.
ಕೊನೆಯ ತಿರುವಿನಲ್ಲಿ ಮೂರನೆಯವನು ದಾಟಿ ಹೋದ.
ಅಣ್ಣ ಕನ್ನಡಕ ಬಿಚ್ಚಿದ, ಮುಖದ ತುಂಬ ಕೆಸರು,
ಕಣ್ಣ ಸುತ್ತ ಮಾತ್ರ ಎರಡು ಬಿಳಿ ಬಳೆ.
"ಹಸಿವಾಗಿದೆ" ಅಂದ. ಅಷ್ಟೇ.

ಮುಂದಿನ ವರ್ಷ ಬಿಟ್ಟ. ಬಿಟ್ಟನೋ, ಬಿಡಿಸಿದರೋ,
ಅವನ ಸೀಟು ಲಿಯೋನಿನ ಒಬ್ಬ ಹುಡುಗನಿಗೆ ಹೋಯಿತು,
ಹುಡುಗನ ಅಪ್ಪ ರೆಫ್ರಿಜರೇಟರ್ ಮಾರುತ್ತಿದ್ದ.
ಆಮೇಲೆ ಇಪ್ಪತ್ತೆರಡು ವರ್ಷ ನಮ್ಮ ಶಾಲೆಯ ಬಸ್ಸು.
ಬ್ರೇಕಿನ ಮೇಲೆ ಬೆರಳು, ಆಕ್ಸಿಲರೇಟರಿನ ಮೇಲೆ ಹಿಮ್ಮಡಿ,
ಹಳೆಯ ಪಾದಕ್ಕೆ ಹಳೆಯ ಚಾಳಿ.
ಮಕ್ಕಳಿಗೇನು ಗೊತ್ತು?
ತಿರುವುಗಳಲ್ಲೂ ತಲೆ ಅಲುಗದೆ ನಿದ್ದೆ ಹೋಗುತ್ತಿದ್ದರು.

ಬಸ್ಸಿನ ಕೀಲಿ ಅವನು ಒಪ್ಪಿಸಿದ ಮರುದಿನ
ತರಗತಿಯ ಬಾಗಿಲು ತೆರೆದೆ.
ಹಲಗೆಯ ಮೂಲೆಯಲ್ಲಿ, ಕೋಳಿ ಕೆದರಿದ ಅಕ್ಷರದಲ್ಲಿ:
+೨.

ತುಸು ಹೊತ್ತು ನಿಂತೆ.
ಹೊರಗೆ ಗಂಟೆ ಹೊಡೆಯಿತು, ಒರೆಸಿದೆ.
ಮೊದಲ ಪಾಠ ವ್ಯಾಕರಣವಿತ್ತು.